ಗಾಡಿಯ ಅಂಡರ್‌ಕೋಟಿಂಗ್ ಸರಿಯಾಗಿ ಆಗಿದೆಯಾ? ಎದ್ದ ಚಕ್ಕೆಯನ್ನು ತಿರುಗಿಸಿ ನೋಡಿ

ಗಾಡಿಯ ಅಡಿಗೆ ತುಕ್ಕು ತಡೆಯುವ ಕೋಟಿಂಗ್, ಅಂದರೆ ಆಂಟಿ ರಸ್ಟ್, ಮಾಡಿಸಿ ಆಚೆ ತಂದ ದಿನ ಎಲ್ಲರ ಗಾಡಿಯೂ ಚೆನ್ನಾಗೇ ಕಾಣುತ್ತದೆ. ಬಗ್ಗಿ ನೋಡಿದರೆ ಅಡಿಯೆಲ್ಲ ಕರ್ರಗೆ ಮಿಂಚುತ್ತಿರುತ್ತದೆ. ಆ ಮಿಂಚು ನೋಡಿ ದುಡ್ಡು ಕೊಟ್ಟು ಬರುತ್ತೇವೆ. ಆದರೆ ಮಣ್ಣಿನ ಮೇಲೆ ಹೊಡೆದರೂ ಅದು ಕಪ್ಪೇ, ತುಕ್ಕಿನ ಮೇಲೆ ಹೊಡೆದರೂ ಕಪ್ಪೇ, ಆಯಿಲ್ ಜಿಡ್ಡಿನ ಮೇಲೆ ಹೊಡೆದರೂ ಕಪ್ಪೇ. ಕೆಲಸ ಹೇಗಾಗಿದೆ ಅನ್ನುವುದು ಕೋಟಿಂಗಿನ ಮುಖದಲ್ಲಿ ಗೊತ್ತಾಗಲ್ಲ, ಬೆನ್ನಿನಲ್ಲಿ ಗೊತ್ತಾಗುತ್ತದೆ.

ಮಾಡಿಸಿದ ಕೋಟಿಂಗ್ ಏಳುತ್ತಿದ್ದರೆ, ಗುಳ್ಳೆ ಬಂದಿದ್ದರೆ, ವಾಸನೆ ಬರುತ್ತಿದ್ದರೆ ಕಾರಣ ಹುಡುಕುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಈಗಷ್ಟೇ ಮಾಡಿಸಿಕೊಂಡು ಬಂದವರಿಗೂ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ.

ಕೋಲಾರದಲ್ಲಿ ತುಕ್ಕು ಎಲ್ಲಿಂದ ಬಂತು?

"ಮಂಗಳೂರಿನವರು ಮಾಡಿಸಲಿ, ನಮಗ್ಯಾಕೆ" ಅನ್ನುವವರು ಇಲ್ಲಿ ಜಾಸ್ತಿ. ಅದು ಅರ್ಧ ನಿಜ. ನಮ್ಮಲ್ಲಿ ಉಪ್ಪುಗಾಳಿ ಇಲ್ಲ, ಮಳೆಯೂ ಕಮ್ಮಿ. ಹೊಸ ಕಾರಿನ ಬಾಡಿಯನ್ನು ಫ್ಯಾಕ್ಟರಿಯಲ್ಲೇ ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ, ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಐವತ್ತರಲ್ಲೊಂದು ಭಾಗ) ದಪ್ಪಕ್ಕೆ ಬಣ್ಣ ಹಿಡಿಸಿರುತ್ತಾರೆ. ಅದು ಸ್ಪ್ರೇ ಗನ್ ಹೋಗದ ಮೂಲೆಗೂ ಹೋಗಿರುತ್ತದೆ. ಜಾಯಿಂಟುಗಳಿಗೆ ಸೀಲರ್ ಬೇರೆ ಹಾಕಿರುತ್ತಾರೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಓಡುವ ಕಾರಿಗೆ ಇಷ್ಟು ಸಾಕು ಅಂತಲೇ ನನ್ನ ಅಭಿಪ್ರಾಯ.

ಟೊಮ್ಯಾಟೊ ಹೊರುವ ಪಿಕಪ್ ಕತೆ ಬೇರೆ. ಟೊಮ್ಯಾಟೊ ರಸ ಹುಳಿ, ಪಿಎಚ್ 4ರ ಆಸುಪಾಸು ಇರುತ್ತದೆ. ಸೀಸನ್ನಿನಲ್ಲಿ ಎಪಿಎಂಸಿ ಮುಂದೆ ಕ್ಯೂ ನಿಂತ ಗಾಡಿಗಳ ಕೆಳಗೆ ನೋಡಿ, ಕ್ರೇಟಿನಿಂದ ಸೋರಿದ್ದು ಲೋಡ್ ಬಾಡಿಯ ಜಾಯಿಂಟಲ್ಲಿ ಇಳಿದು ಚಾಸಿ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲೂ ಹೀಗೇ. ಲೋಡ್ ಹಾಕಿಕೊಂಡು ಚೆನ್ನೈಗೆ ಹೋಗಿ ಬರುವ ಗಾಡಿಗಳಿಗೆ ಕಡಲ ಗಾಳಿಯೂ ತಗಲುತ್ತದೆ. ಇನ್ನು ಆ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದ ಕಾರು. ಚೆನ್ನೈನಲ್ಲಿ 2015ರ ಡಿಸೆಂಬರಿನಲ್ಲೂ 2023ರ ಡಿಸೆಂಬರಿನಲ್ಲೂ ಕಾರುಗಳು ನೀರಲ್ಲಿ ಮುಳುಗಿ ನಿಂತಿದ್ದವು. ಹಳೇ ಕಾರಿನ ಅಡಿಗೆ ಮಾತ್ರ ಹೊಸ ಕಪ್ಪು ಬಣ್ಣ ಇದ್ದರೆ ಖುಷಿ ಪಡಬೇಡಿ, ಅನುಮಾನ ಪಡಿ.

ಬೋರ್‌ವೆಲ್ ನೀರಿನ ವಿಷಯಕ್ಕೆ ಮುಂದೆ ಬರುತ್ತೇನೆ. ನಮ್ಮ ಕಡೆ ಕೋಟಿಂಗ್ ಕೆಡುವುದಕ್ಕೆ ಅದು ದೊಡ್ಡ ಕಾರಣ, ಆದರೆ ಯಾರೂ ಅದರ ಬಗ್ಗೆ ಯೋಚಿಸಲ್ಲ.

ಮೊದಲು ಕೇಳಿ: ಯಾವ ಮಾಲು ಹಾಕಿದ್ದಾರೆ?

ಇದು ಗೊತ್ತಿಲ್ಲದೆ ದೋಷ ಹುಡುಕಲು ಹೋದರೆ ದಾರಿ ತಪ್ಪುತ್ತೀರಿ. ಡಾಂಬರು ಅಥವಾ ರಬ್ಬರ್ ಬೆರೆತ ಮಾಲು ಒಣಗಿ ಗಟ್ಟಿ ಪದರ ಆಗುತ್ತದೆ. ಮೇಣದ ಮಾಲು ಒಣಗಿದರೂ ಮೆತ್ತಗೇ ಇರುತ್ತದೆ, ಬೆರಳಿಗೆ ಅಂಟುತ್ತದೆ, ಧೂಳು ಹಿಡಿಯುತ್ತದೆ. ಅದು ಅದರ ಗುಣ, ದೋಷ ಅಲ್ಲ. ಮೆತ್ತಗಿರುವುದರಿಂದಲೇ ಸಣ್ಣ ಗೀರು ಬಿದ್ದರೆ ತಾನೇ ಹರಡಿ ಮುಚ್ಚಿಕೊಳ್ಳುತ್ತದೆ.

ಮೂರನೆಯದು ಸುಟ್ಟ ಇಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಹೊಡೆಯುವುದು. ಹಳೇ ಲಾರಿಗಳಿಗೆ ಇದು ಮೊದಲಿನಿಂದ ನಡೆದುಬಂದಿದೆ. ಕಬ್ಬಿಣಕ್ಕೆ ಸ್ವಲ್ಪ ದಿನ ಕಾವಲು ಸಿಗುತ್ತದೆ ನಿಜ, ಆದರೆ ಅಡಿಯ ಜಾಯಿಂಟುಗಳಲ್ಲಿರುವ ಬುಷ್, ಬೂಟ್‌ಗಳ ರಬ್ಬರ್ ಉಬ್ಬಿ ಹಾಳಾಗುತ್ತದೆ. ಇದನ್ನು ಮಾಡಿರುವ ಗಾಡಿಗೆ ಆಮೇಲೆ ಒಳ್ಳೇ ಕೋಟಿಂಗ್ ಕೂಡ ಹಿಡಿಯಲ್ಲ. ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ಚೆನ್ನಾಗಿ ತೊಳೆದ ಮೇಲಷ್ಟೇ ಹಿಡಿದೀತು. ಹೊಸದಾಗಿ ಹೊಡೆದ ಕೋಟಿಂಗ್ ವಾರ ಕಳೆದರೂ ಡೀಸೆಲ್, ಸೀಮೆಎಣ್ಣೆ ವಾಸನೆ ಹೊಡೆಯುತ್ತಿದೆ ಅಂದರೆ ಮಾಲನ್ನು ಅದರಲ್ಲೇ ತೆಳು ಮಾಡಿದ್ದಾರೆ ಅಂತ ಅನುಮಾನಿಸಬಹುದು.

ಖಾಲಿ ಡಬ್ಬಿ ತೋರಿಸಿ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಟೆಫ್ಲಾನ್, ಸೆರಾಮಿಕ್ ಅಂತ ಬಿಲ್ಲಿನಲ್ಲಿದ್ದರೆ ಅದು ಮೇಲಿನ ಬಣ್ಣದ ಹೊಳಪಿಗೆ, ಅಡಿಗೂ ತುಕ್ಕಿಗೂ ಸಂಬಂಧ ಇಲ್ಲ.

ಚಕ್ಕೆ ಏಳುತ್ತಿದೆ

ಗಟ್ಟಿ ಪದರದ ಮಾಲಿನಲ್ಲಿ ಜಾಸ್ತಿ ಬರುವ ದೂರು ಇದೇ. ಕಾರಣ ಹುಡುಕಲು ಇದಕ್ಕಿಂತ ಸುಲಭದ ದೋಷವೂ ಇಲ್ಲ, ಯಾಕೆಂದರೆ ಸಾಕ್ಷಿ ನಿಮ್ಮ ಕೈಗೇ ಬರುತ್ತದೆ.

ವೇಮಗಲ್ ಕಡೆಯ ಪರಿಚಯದ ರೈತರೊಬ್ಬರ ಪಿಕಪ್ಪಿಗೆ ಹೀಗಾಗಿತ್ತು. ಕೋಟಿಂಗ್ ಮಾಡಿಸಿ ಒಂದು ಮಳೆಗಾಲ ಕಳೆದಿತ್ತು ಅಷ್ಟೆ. ಮಾಡಿಕೊಟ್ಟ ವರ್ಕ್‌ಶಾಪಿನ ಹುಡುಗ ಒಂದೇ ಮಾತಲ್ಲಿ ಮುಗಿಸಿದ: "ಯಜಮಾನ್ರೇ, ನಿಮ್ಮೂರ ರೋಡಲ್ಲಿ ಕಲ್ಲು ಹೊಡೆದು ಎದ್ದಿದೆ."

ಅವರು ಬಿಡಲಿಲ್ಲ. "ಕಲ್ಲು ಹೊಡೆದಿದ್ರೆ ಚಕ್ರದ ಹಿಂದೆ ಏಳಬೇಕಲ್ಲಪ್ಪಾ. ಡೀಸೆಲ್ ಟ್ಯಾಂಕ್ ಮರೇಲಿ ಯಾಕೆ ಎದ್ದಿದೆ?"

ಸರಿಯಾದ ಪ್ರಶ್ನೆ. ಮೊದಲು ನೋಡಬೇಕಾದ್ದೇ ಜಾಗ. ಚಕ್ರದ ಹಿಂದೆ, ಮಡ್‌ಗಾರ್ಡಿನ ಒಳಗೆ, ಚಿಕ್ಕ ಚಿಕ್ಕ ಚುಕ್ಕಿಯಾಗಿ ಎದ್ದಿದ್ದರೆ ಕಲ್ಲಿನ ಏಟು. ಕಲ್ಲು ತಾಗದ ಜಾಗದಲ್ಲಿ, ಅಂಗೈಯಗಲ ಹಾಳೆಯಾಗಿ ಎದ್ದಿದ್ದರೆ ಅದು ರೋಡಿನ ತಪ್ಪಲ್ಲ.

ಎದ್ದ ಅಂಚಿಗೆ ಉಗುರು ಹಾಕಿ ಎಳೆದರೆ ಅದು ಹಪ್ಪಳದ ಹಾಗೆ ಬಿಟ್ಟುಕೊಂಡು ಬಂತು. ತಿರುಗಿಸಿ ನೋಡಿದರೆ ಬೆನ್ನೆಲ್ಲ ಕೆಂಪಗಿತ್ತು. ಇಲ್ಲೇ ಜನ ಎಡವುವುದು. ಕೋಲಾರದ ಮಣ್ಣೂ ಕೆಂಪು, ತುಕ್ಕೂ ಕೆಂಪು. ಎರಡನ್ನೂ ಬೇರೆ ಮಾಡಲು ಒದ್ದೆ ಬಟ್ಟೆ ಸಾಕು. ಚಕ್ಕೆ ಎದ್ದ ಜಾಗದ ಕಬ್ಬಿಣವನ್ನು ಒರೆಸಿ. ಮಣ್ಣಾಗಿದ್ದರೆ ಬಟ್ಟೆಗೆ ಕೆಸರು ಹತ್ತಿ, ಕೆಳಗೆ ಫ್ಯಾಕ್ಟರಿ ಬಣ್ಣ ಸ್ವಚ್ಛವಾಗಿ ಕಾಣುತ್ತದೆ. ತುಕ್ಕಾಗಿದ್ದರೆ ಎಷ್ಟು ಒರೆಸಿದರೂ ಕಂದು ಹೋಗಲ್ಲ, ಬೆರಳಾಡಿಸಿದರೆ ತರಿತರಿ ಅನ್ನಿಸುತ್ತದೆ, ಸಣ್ಣ ಗುಳಿಗಳಿರುತ್ತವೆ. ಆ ಪಿಕಪ್ಪಿನಲ್ಲಿ ಒರೆಸಿದ ಮೇಲೆ ಕಂಡದ್ದು ಬಣ್ಣ, ಒಂದು ಗೀರೂ ಇಲ್ಲದ ಬಣ್ಣ. ತೊಳೆಯದೆ ಹೊಡೆದಿದ್ದರು ಅಷ್ಟೆ. ಚಾಸಿ ಉಳಿದುಕೊಂಡಿತ್ತು.

ಚಕ್ಕೆಯ ಬೆನ್ನಿನಲ್ಲಿ ಕಾಣುವುದನ್ನು ಹೀಗೆ ಓದಿ:

ಮಣ್ಣು ಇದ್ದರೆ ವಾಟರ್ ಸರ್ವಿಸ್ ಸರಿಯಾಗಿ ಆಗಿಲ್ಲ. ನಾಲ್ಕು ಚಕ್ರದ ಹತ್ತಿರ ನೀರು ಬಿಟ್ಟು ಮಧ್ಯದ ಭಾಗ ಬಿಟ್ಟಿದ್ದಾರೆ. ಒಳ್ಳೆಯ ಸುದ್ದಿ ಏನಂದರೆ ಕಬ್ಬಿಣಕ್ಕೆ ಇನ್ನೂ ಏನೂ ಆಗಿರಲ್ಲ.

ಕಂದು ಪುಡಿ ಇದ್ದು, ಕೆಳಗೂ ತುಕ್ಕೇ ಇದ್ದರೆ ವೈರ್ ಬ್ರಷ್ ಹಾಕದೆ ತುಕ್ಕಿನ ಮೇಲೇ ಹೊಡೆದಿದ್ದಾರೆ. ಎಲ್ಲಕ್ಕಿಂತ ಕೆಟ್ಟದ್ದು ಇದು. ಮೇಲೆ ಪದರ ಇರುವುದರಿಂದ ಒಳಗಿನ ತೇವ ಆರಲ್ಲ, ನಿಮಗೆ ಕಾಣುವುದೂ ಇಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಗೊಳ್ಳುತ್ತದೆ, ಅದಕ್ಕೇ ಪದರವನ್ನು ಎಬ್ಬಿಸುತ್ತದೆ. ಕಾರಿನ ತಗಡು ಎಷ್ಟೋ ಕಡೆ ಒಂದು ಮಿಲಿಮೀಟರ್ ದಪ್ಪವೂ ಇರಲ್ಲ ಅನ್ನುವುದು ನೆನಪಿರಲಿ.

ಬೆನ್ನಲ್ಲಿ ಬಿಳಿ ಪುಡಿಯ ಹಾಗೆ ಇದ್ದರೆ ಅದು ಬೋರ್ ನೀರಿನ ಗಡಸು. ಇದಕ್ಕೆ ಮುಂದಿನ ಭಾಗ ನೋಡಿ.

ಬೆನ್ನು ನುಣ್ಣಗೆ, ಸ್ವಚ್ಛವಾಗಿ, ಹೊಳೆಯುತ್ತಾ ಇದ್ದರೆ ಜಾಗ ತೊಳೆದಿದ್ದಾರೆ, ಆದರೆ ಜಿಡ್ಡು ತೆಗೆದಿಲ್ಲ, ಇಲ್ಲವೇ ಒದ್ದೆಯಲ್ಲೇ ಹೊಡೆದಿದ್ದಾರೆ. ಬಿಳಿ ಟಿಶ್ಯೂದಲ್ಲಿ ಕೆಳಗಿನ ಬಣ್ಣ ಒರೆಸಿ. ಎಣ್ಣೆ ಕಲೆ ಬಂದರೆ ಜಿಡ್ಡು. ಇಂಜಿನ್, ಗೇರ್‌ಬಾಕ್ಸ್ ಹಿಂಭಾಗದಲ್ಲಿ ಮಾತ್ರ ಹೀಗಾಗಿದ್ದರೆ ಮೊದಲು ಆಯಿಲ್ ಲೀಕ್ ಹುಡುಕಿ, ಕೋಟಿಂಗಿನ ಮಾತು ಆಮೇಲೆ.

ಚಕ್ಕೆಯ ಜೊತೆ ಪುಟ್ಟಿ ಕಿತ್ತು ಬಂದರೆ ಅಲ್ಲಿ ಹಿಂದೆ ಟಿಂಕರಿಂಗ್, ಅಂದರೆ ತಗಡಿನ ಡೆಂಟ್ ರಿಪೇರಿ, ಆಗಿದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಮಾರಿದವರನ್ನು ಕೇಳಬೇಕಾದ ಪ್ರಶ್ನೆ ಅದು, ಕೋಟಿಂಗ್ ಮಾಡಿದವರನ್ನಲ್ಲ.

ಇನ್ನೂ ಏಳದ ಕೋಟಿಂಗ್ ಹಿಡಿದಿದೆಯಾ ಅಂತ ನೋಡಲು ಸ್ಕ್ರೂಡ್ರೈವರ್ ಹಿಡಿಯಿಂದ ಮೆತ್ತಗೆ ತಟ್ಟುತ್ತಾ ಹೋಗಿ. ಚೆನ್ನಾಗಿ ಹಿಡಿದ ಕಡೆ ದಪ್ಪ ಸದ್ದು, ಬಿಟ್ಟ ಕಡೆ ಟೊಳ್ಳು ಸದ್ದು. ಇನ್ನೂ ಖಚಿತ ಬೇಕು ಅಂದರೆ ಮಾಡಿಸಿ ಒಂದು ವಾರದ ಮೇಲೆ, ಕಾಣದ ಜಾಗದಲ್ಲಿ ಬ್ಲೇಡಿನಿಂದ ಕಬ್ಬಿಣದವರೆಗೆ ಇಂಟು ಮಾರ್ಕ್ ಗೀರಿ, ಗಟ್ಟಿ ಟೇಪ್ ಒತ್ತಿ ಅಂಟಿಸಿ, ಸರಕ್ಕನೆ ಎಳೆಯಿರಿ. ಗೀರಿನ ಅಂಚಲ್ಲಿ ಸ್ವಲ್ಪ ಉದುರಿದರೆ ಪರವಾಗಿಲ್ಲ. ಮೂಲೆಗಳೇ ಟೇಪಿಗೆ ಬಂದರೆ ಹಿಡಿತ ಇಲ್ಲ. ವರ್ಕ್‌ಶಾಪಿನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ, ಆಮೇಲೆ ಆ ಗೀರಿಗೆ ಅವರಿಂದಲೇ ಟಚ್ ಅಪ್ ಮಾಡಿಸಿ. ಮೇಣದ ಮಾಲಿಗೆ ಈ ಪರೀಕ್ಷೆ ನಡೆಯಲ್ಲ.

ಗುಳ್ಳೆ ಬಂದಿದೆ

ಗುಂಡುಸೂಜಿಯಲ್ಲಿ ಒಂದು ಗುಳ್ಳೆ ಚುಚ್ಚಿ. ಥಿನ್ನರ್ ವಾಸನೆಯ ಗಾಳಿ ಬಂದರೆ ಒಂದೇ ಸಲಕ್ಕೆ ದಪ್ಪ ಹೊಡೆದಿದ್ದಾರೆ, ಮೇಲಿನ ಚರ್ಮ ಒಣಗಿ ಒಳಗಿನದು ಸಿಕ್ಕಿಕೊಂಡಿದೆ. ಎರಡು ತೆಳು ಕೋಟ್ ಹೊಡೆದು ಮಧ್ಯೆ ಒಣಗಲು ಬಿಟ್ಟಿದ್ದರೆ ಇದು ಬರುತ್ತಿರಲಿಲ್ಲ. ಕಂದು ಪುಡಿ ಬಂದರೆ ಮೇಲೆ ಹೇಳಿದ ತುಕ್ಕಿನ ಕತೆಯೇ.

ನೀರು ಬಂದರೆ ಎರಡು ಕಾರಣ ಇರಬಹುದು. ಒಂದು, ಒದ್ದೆ ಗಾಡಿಗೆ ಹೊಡೆದಿದ್ದಾರೆ. ಬೆಳಗ್ಗೆ ಗಾಡಿ ಬಿಟ್ಟು ಮಧ್ಯಾಹ್ನಕ್ಕೆ ವಾಪಸ್ ಕೊಟ್ಟಿದ್ದರೆ ಇದೇ ಇರಬೇಕು. ತೊಳೆದ ಮೇಲೆ ಜಾಯಿಂಟಿನೊಳಗಿನ ನೀರು ಆರುವುದಕ್ಕೆ ಕಂಪ್ರೆಸರ್ ಗಾಳಿ ಬೇಕು, ಸಮಯವೂ ಬೇಕು. ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ತೊಂದರೆ. ಬೆಳಗಿನ ಹೊತ್ತು ತಣ್ಣಗಿರುವ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಕೂತಿರುತ್ತದೆ. ಬಣ್ಣದ ಕೆಲಸದಲ್ಲಿ ಒಂದು ನಿಯಮ ಇದೆ: ಇಬ್ಬನಿ ಕಟ್ಟುವ ತಾಪಕ್ಕಿಂತ ತಗಡು ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಅಳೆಯುವವರು ಯಾರೂ ಇಲ್ಲ, ಹಾಗಾಗಿ ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಶುರು ಮಾಡಿ ಅಂತ ಹೇಳಿ. ಸಾಕು.

ಎರಡನೆಯ ಕಾರಣ ಬೋರ್ ನೀರು. ಒಣಗಿದ ದಿನ ಎಲ್ಲ ಸರಿಯಾಗೇ ಇರುತ್ತದೆ, ಮಳೆ ಬಿದ್ದ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ ಏಳುತ್ತವೆ. ನಮ್ಮ ಜಿಲ್ಲೆಯಲ್ಲಿ ಬೋರು ಸಾವಿರ ಅಡಿ ದಾಟಿ ಎಷ್ಟು ವರ್ಷ ಆಯಿತೋ, ಆ ನೀರಲ್ಲಿ ಲವಣ ಜಾಸ್ತಿ. ಕಾರು ತೊಳೆದು ಒರೆಸದೆ ಬಿಟ್ಟರೆ ಗಾಜಿನ ಮೇಲೆ ಬಿಳಿ ಚುಕ್ಕಿ ಉಳಿಯುತ್ತದಲ್ವಾ, ಅದೇ ಬಿಳಿ ಅಡಿಯ ತಗಡಿನ ಮೇಲೂ ಉಳಿಯುತ್ತದೆ. ಅದರ ಮೇಲೆ ಕೋಟಿಂಗ್ ಹೊಡೆದರೆ ಲವಣ ಒಳಗೆ ಸಿಕ್ಕಿಬೀಳುತ್ತದೆ. ಯಾವ ಕೋಟಿಂಗೂ ಪೂರ್ತಿ ನೀರು ತಡೆಯಲ್ಲ, ಸ್ವಲ್ಪ ತೇವ ಒಳಗೆ ಹೋಗೇ ಹೋಗುತ್ತದೆ. ಒಳಗಿರುವ ಲವಣ ಆ ತೇವವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಗುಳ್ಳೆ ಹುಟ್ಟುವುದು ಹೀಗೆ. ಬಣ್ಣ ಎಷ್ಟೇ ದುಬಾರಿ ಆಗಿರಲಿ, ಈ ಗುಳ್ಳೆ ತಪ್ಪಲ್ಲ.

ಪರಿಹಾರ ಕೇಳಿದರೆ ನಗುತ್ತೀರಿ. ಪ್ರೆಶರ್ ವಾಷ್ ಆದ ಮೇಲೆ, ನೀರು ಆರುವ ಮೊದಲೇ, ಒಂದು ಕ್ಯಾನ್ ಫಿಲ್ಟರ್ ನೀರನ್ನು ಸ್ಪ್ರೇಯರಿನಲ್ಲಿ ಅಡಿಗೆಲ್ಲ ಹೊಡೆಸಿ, ಆಮೇಲೆ ಗಾಳಿ ಹಿಡಿಸಿ. 20 ಲೀಟರ್ ಕ್ಯಾನಿನ ಖರ್ಚು ಎಷ್ಟಾದೀತು? ಔಷಧಿ ಹೊಡೆಯುವ ಸ್ಪ್ರೇಯರ್ ತರಬೇಡಿ ಅಷ್ಟೆ.

ಎಷ್ಟು ದಪ್ಪ ಕೂತಿದೆ? ಲೀಟರ್ ಲೆಕ್ಕ

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ದಪ್ಪ ಹಚ್ಚಲು ಸರಿಯಾಗಿ ಒಂದು ಲೀಟರ್ ಬೇಕು. ಈ ಲೆಕ್ಕದಿಂದ ಯಾವ ವರ್ಕ್‌ಶಾಪೂ ತಪ್ಪಿಸಿಕೊಳ್ಳಲು ಆಗಲ್ಲ.

ಸಣ್ಣ ಹ್ಯಾಚ್‌ಬ್ಯಾಕ್ 3.6 ಮೀಟರ್ ಉದ್ದ, 1.6 ಮೀಟರ್ ಅಗಲ ಇದ್ದರೆ ಅಡಿ ಸುಮಾರು 5.8 ಚದರ ಮೀಟರ್. ಇಂಜಿನ್, ಸೈಲೆನ್ಸರ್, ಟ್ಯಾಂಕ್ ಕಳೆದು, ಚಕ್ರದ ಗೂಡುಗಳನ್ನು ಕೂಡಿಸಿ 5 ಅಂತ ಇಟ್ಟುಕೊಳ್ಳೋಣ. ಎಷ್ಟು ದಪ್ಪ ಕೂರಬೇಕು ಅಂತ ಡಬ್ಬಿಯ ಮೇಲೋ ಕಂಪನಿಯ ಚೀಟಿಯಲ್ಲೋ ಇರುತ್ತದೆ. ಅರ್ಧ ಮಿಲಿಮೀಟರ್ ಅಂತ ಹಿಡಿದರೆ ಒಣಗಿದ ಮೇಲೆ ಉಳಿಯಬೇಕಾದ ಮಾಲು 2.5 ಲೀಟರ್. ಡಬ್ಬಿಯಲ್ಲಿರುವುದೆಲ್ಲ ಉಳಿಯಲ್ಲ, ಥಿನ್ನರ್ ಹಾರಿ ಹೋಗುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ನೂರಕ್ಕೆ 55 ಉಳಿಯಿತು ಅಂದರೆ ಹೊಡೆಯಬೇಕಾದ್ದು ನಾಲ್ಕೂವರೆ ಲೀಟರ್. ಗಾಳಿಗೆ ಹೋಗಿದ್ದು ಬೇರೆ. ನಿಮ್ಮ ಬಿಲ್ಲಿನಲ್ಲಿ ಒಂದು ಲೀಟರಿನ ಎರಡೇ ಡಬ್ಬಿ ಇದ್ದರೆ, ಒಂದು ಹನಿ ಪೋಲಾಗದಿದ್ದರೂ ಕೂತಿರುವುದು 0.22 ಮಿಲಿಮೀಟರ್. ಅರ್ಧಕ್ಕಿಂತ ಕಮ್ಮಿ.

ಕೆಲವರು ದಪ್ಪ ಅಳೆಯುವ ಮೀಟರ್ ಇಟ್ಟು ತೋರಿಸುತ್ತಾರೆ. ಒಳ್ಳೆಯದೇ. ಆದರೆ ಆ ಮೀಟರ್ ಕಬ್ಬಿಣದ ಮೇಲಿರುವ ಎಲ್ಲವನ್ನೂ ಕೂಡಿಸಿ ಹೇಳುತ್ತದೆ: ಫ್ಯಾಕ್ಟರಿ ಬಣ್ಣ, ಫ್ಯಾಕ್ಟರಿಯವರೇ ಚಕ್ರದ ಗೂಡಿಗೆ ಹಾಕಿದ ಪಿವಿಸಿ ಪದರ, ಒಳಗೆ ಸಿಕ್ಕಿಕೊಂಡ ಮಣ್ಣು, ಎಲ್ಲ. ಹಾಗಾಗಿ ಹೊಡೆಯುವ ಮೊದಲು ನಾಲ್ಕೈದು ಕಡೆ ಅಳೆದು ಬರೆದುಕೊಂಡಿದ್ದರೆ ಮಾತ್ರ ಆಮೇಲಿನ ಅಂಕಿಗೆ ಬೆಲೆ. ಮೊದಲಿನದ್ದು ಕಳೆಯಿರಿ.

ಮೀಟರ್ ಇಲ್ಲದಿದ್ದರೆ ಟಾರ್ಚನ್ನು ನೇರ ಹಿಡಿಯದೆ, ತಗಡಿಗೆ ಒರಗಿಸಿದ ಹಾಗೆ ಅಡ್ಡ ಹಿಡಿದು ನೋಡಿ. ತೆಳು ಕೂತ ಕಡೆ ಕೆಳಗಿನ ಬಣ್ಣ ಇಣುಕುತ್ತದೆ. ಬೋಲ್ಟಿನ ಹಿಂಬದಿ, ತಿರುವಿನ ಅಂಚು, ಅಡ್ಡಪಟ್ಟಿಯ ಮೇಲ್ಭಾಗ ಇವನ್ನು ನೋಡಿ. ಕೆಳಗಿನಿಂದ ನಿಂತು ಗನ್ ಹಿಡಿದವನಿಗೆ ಅಡ್ಡಪಟ್ಟಿಯ ಮೇಲ್ಭಾಗ ಕಾಣಲ್ಲ. ಮಣ್ಣು ಕೂತು ತೇವ ಹಿಡಿಯುವುದು ಮಾತ್ರ ಅಲ್ಲೇ. ಕೈ ಹಾಕಿ ಸವರಿ ನೋಡುವುದೇ ಒಳ್ಳೆಯದು.

ಅಂದ ಹಾಗೆ, "ಈಗ ರೋಡ್ ಸೌಂಡೇ ಬರಲ್ಲ, ಕೋಟಿಂಗ್ ಸೂಪರ್" ಅನ್ನುವುದು ಸಾಕ್ಷಿ ಅಲ್ಲ. ಮಣ್ಣಿನ ಮೇಲೆ ದಪ್ಪಗೆ ಹೊಡೆದರೂ ಸದ್ದು ಕಮ್ಮಿಯಾಗುತ್ತದೆ.

ಜಾಯಿಂಟಿನಿಂದ ಕಂದು ನೀರು ಇಳಿಯುತ್ತಿದೆ

ಹೊರಗೆ ಕೋಟಿಂಗ್ ಅಚ್ಚುಕಟ್ಟಾಗಿದೆ, ಆದರೂ ಬಾಗಿಲ ಕೆಳಗಿನ ಪೆಟ್ಟಿಗೆ ಭಾಗದಲ್ಲಿ ಅಥವಾ ಡಿಕ್ಕಿ ಬಾಗಿಲ ಅಂಚಲ್ಲಿ ಕಂದು ಗೆರೆ ಇಳಿದಿದೆ. ಅಂದರೆ ತುಕ್ಕು ಒಳಗಿನಿಂದ ಬರುತ್ತಿದೆ. ಪೊಳ್ಳು ಭಾಗಗಳ ಒಳಗೆ ಮೇಣದ ಮಾಲನ್ನು ಉದ್ದ ಟ್ಯೂಬಿನಿಂದ, ಸುತ್ತಲೂ ಚಿಮ್ಮುವ ನಾಜಲ್ಲಿನಲ್ಲಿ ಹೊಡೆಯಬೇಕು. ವರ್ಕ್‌ಶಾಪಿನಲ್ಲಿ ಆ ಟ್ಯೂಬೇ ಇಲ್ಲ ಅಂದರೆ ಒಳಗಿನ ಕೆಲಸ ಆಗಿಲ್ಲ, ಬಾಯಲ್ಲಿ ಏನೇ ಹೇಳಲಿ.

ಫೋನಿಗೆ ಸಿಕ್ಕಿಸುವ ತೆಳು ವೈರ್ ಕ್ಯಾಮೆರಾ ಈಗ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ರಬ್ಬರ್ ಬಿರಡೆ ತೆಗೆದು ಒಳಗೆ ಬಿಟ್ಟು ನೋಡಿ. ಮೇಣ ಹೊಡೆದಿದ್ದರೆ ಒದ್ದೆಯಾದ ಹಾಗೆ ಒಂದೇ ಸಮ ಮಿನುಗು ಕಾಣುತ್ತದೆ, ಜಾಯಿಂಟಿನ ಬಾಯಲ್ಲಿ ಸ್ವಲ್ಪ ಇಳಿದು ನಿಂತಿರುತ್ತದೆ. ಒಣ ಧೂಳು ಕಂಡರೆ ಹೊಡೆದಿಲ್ಲ. ಬಿರಡೆ ಬಿಟ್ಟು ಬೇರೆ ಕಡೆ ಹೊಸ ತೂತು ಕೊರೆದಿದ್ದರೆ ಅದರ ಅಂಚಿಗೆ ಪ್ರೈಮರ್ ಹಚ್ಚಿ ಬಿರಡೆ ಹಾಕಿದ್ದಾರಾ ನೋಡಿ. ಇಲ್ಲದಿದ್ದರೆ ತುಕ್ಕಿಗೆ ಅವರೇ ಬಾಗಿಲು ತೆರೆದು ಕೊಟ್ಟ ಹಾಗೆ. ಹೊಸ ಕಾರಿಗೆ ತೂತು ಕೊರೆಯಲು ಬಿಡುವ ಮೊದಲು ವಾರಂಟಿ ಪುಸ್ತಕ ಓದಿ.

ಬಾಗಿಲಲ್ಲಿ, ಬ್ರೇಕ್ ಹಾಕಿದಾಗ, ನೀರು ಗುಳುಗುಳು ಅನ್ನುತ್ತಿದ್ದರೆ ನೀರು ಹೋಗುವ ತೂತು ಮುಚ್ಚಿದೆ. ಬಾಗಿಲಿನ ಕೆಳ ಅಂಚಲ್ಲಿ ಆ ತೂತುಗಳು ಇರುತ್ತವೆ, ಬಾಗಿಲ ಕೆಳಗಿನ ಪೆಟ್ಟಿಗೆಯಲ್ಲೂ ಇರುತ್ತವೆ. ಕೇಬಲ್ ಟೈ ತುದಿಯಿಂದ ಚುಚ್ಚಿ ಬಿಡಿಸಿ. ಪ್ಲಾಸ್ಟಿಕ್ ಆದ್ದರಿಂದ ಬಣ್ಣ ಗೀರಲ್ಲ. ಕೋಟಿಂಗೇ ಮಾಡಿಸದೆ ಇದ್ದರೂ ನಡೆಯುತ್ತಿತ್ತು, ಈ ತೂತು ಮುಚ್ಚಿದರೆ ನಡೆಯಲ್ಲ.

ಹೊಡೆಯಬಾರದ ಕಡೆ ಹೊಡೆದಿದ್ದಾರೆ

ಇದನ್ನು ಆಮೇಲೆ ನೋಡೋಣ ಅಂತ ಬಿಡಬೇಡಿ. ಗಾಡಿ ತಗೊಳ್ಳುವಾಗ ಅಲ್ಲೇ ನೋಡಬೇಕು. ಲಿಫ್ಟ್ ಮೇಲೇ ನೋಡಿ. ಮನೆಯಲ್ಲಾದರೆ ಬರೀ ಜಾಕಿ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲು ಇಟ್ಟು ಹೋಗಿ.

ಬ್ರೇಕ್ ಡಿಸ್ಕ್, ಪ್ಯಾಡ್ ಮೇಲೆ ಕಪ್ಪು ಚುಕ್ಕಿ ಕಂಡರೆ ಗಾಡಿ ಓಡಿಸಬೇಡಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆಯಬಹುದು, ಪ್ಯಾಡಿಗೆ ಹಿಡಿದಿದ್ದರೆ ಬದಲಾಯಿಸುವುದೇ ಸರಿ. ಮೀಟರಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಲೈಟ್ ಹೊತ್ತಿಕೊಂಡಿದ್ದರೆ ಚಕ್ರದ ಹತ್ತಿರದ ಸೆನ್ಸರ್ ಮತ್ತು ಅದರ ಕನೆಕ್ಟರ್ ನೋಡಿ, ಮಾಲು ಅಲ್ಲಿ ಸೇರಿರಬಹುದು ಅಥವಾ ತೊಳೆಯುವಾಗ ನೀರು ಹೋಗಿರಬಹುದು.

ಸುಟ್ಟ ವಾಸನೆ ಬಂದರೆ ಸೈಲೆನ್ಸರ್ ಮೇಲೆ ಬಿದ್ದಿದೆ. ಒಂದೆರಡು ಹನಿ ಆದರೆ ಒಂದೆರಡು ದಿನದಲ್ಲಿ ಸುಟ್ಟು ಹೋಗುತ್ತದೆ. ಹೊಗೆ ಬರುತ್ತಿದ್ದರೆ ಓಡಿಸುವುದು ನಿಲ್ಲಿಸಿ. ತಣ್ಣಗಾದ ಮೇಲೆ ಕೆರೆದು ತೆಗೆಸಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹತ್ತಿರವಂತೂ ಬಿಸಿ ಜಾಸ್ತಿ, ಬೆಂಕಿ ಹತ್ತುವ ಅಪಾಯ ಇದೆ.

ಹಿಂದಿನ ಚಕ್ರಕ್ಕೆ ಪವರ್ ಹೋಗುವ ಪಿಕಪ್, ವ್ಯಾನ್‌ಗಳಲ್ಲಿ ಸ್ಪೀಡ್ ಹತ್ತಿದಾಗ ಹೊಸದಾಗಿ ನಡುಕ ಶುರುವಾಗಿದ್ದರೆ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲಿಗೆ ಪವರ್ ಒಯ್ಯುವ, ತಿರುಗುವ ಉದ್ದ ಕೊಳವೆ) ನೋಡಿ. ಒಂದು ಪಕ್ಕಕ್ಕೆ ದಪ್ಪಗೆ ಮಾಲು ಕೂತರೆ ಬ್ಯಾಲೆನ್ಸ್ ತಪ್ಪುತ್ತದೆ. ಟೈರ್ ಅಂಗಡಿಗೆ ಹೋಗಿ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ದುಡ್ಡು ಕಳೆಯುವ ಮೊದಲು ಇದನ್ನು ಒರೆಸಿ. ಪಿಕಪ್ಪಿನ ಚಾಸಿ ನಂಬರ್ ಮೇಲೆ ಹೊಡೆದಿದ್ದರೂ ಬಿಡಿಸಿಕೊಳ್ಳಿ, ಎಫ್‌ಸಿಗೆ (ಆರ್‌ಟಿಒ ಫಿಟ್‌ನೆಸ್ ತಪಾಸಣೆಗೆ) ಹೋದಾಗ ಅಲ್ಲಿ ನಿಂತು ಉಜ್ಜಬೇಕಾಗುತ್ತದೆ.

ಇವು ದೋಷ ಅಲ್ಲ

ರಾತ್ರಿ ಮಳೆಯಾಗಿ ಬೆಳಗ್ಗೆ ಬ್ರೇಕ್ ಡಿಸ್ಕ್ ಕಂದಾಗಿದ್ದರೆ ಎರಡು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಸೈಲೆನ್ಸರ್ ಕಂದಾಗುವುದು ಸಹಜ. ಪಟ್ಟಿ ಸ್ಪ್ರಿಂಗ್, ಆಕ್ಸಲ್ ಇವು ದಪ್ಪ ಕಬ್ಬಿಣ, ಮೇಲ್ಮೈ ತುಕ್ಕಿಗೆ ಅಂಜಬೇಕಿಲ್ಲ. ಬ್ಯಾಟರಿಗೆ ಸಿಕ್ಕಿಸಿದರೆ ತುಕ್ಕೇ ಬರಲ್ಲ ಅಂತ ಮಾರುವ ಪೆಟ್ಟಿಗೆ ಇದೆಯಲ್ಲ, ಅದರ ಲೆಕ್ಕದಲ್ಲಿ ಕೋಟಿಂಗನ್ನು ಬಯ್ಯಬೇಡಿ. ಕರೆಂಟ್ ಕೊಟ್ಟು ತುಕ್ಕು ತಡೆಯುವುದು ನೀರಲ್ಲಿರುವ ಹಡಗಿಗೆ, ನೆಲದಡಿಯ ಪೈಪಿಗೆ ಆಗುತ್ತದೆ. ಗಾಳಿಯಲ್ಲಿ ನಿಂತ ಕಾರಿಗೆ ಆಗಲ್ಲ.

ಮತ್ತೆ ಮಾಡಿಸುವುದಾದರೆ

ದೂರು ತಗೊಂಡು ಹೋದರೆ ಹೆಚ್ಚು ಕಡಿಮೆ ಎಲ್ಲ ಕಡೆ ಸಿಗುವ ಉತ್ತರ, "ಬಿಡಿ ಸಾರ್, ಇನ್ನೊಂದು ಕೋಟ್ ಫ್ರೀಯಾಗಿ ಹೊಡೆದು ಕೊಡ್ತೀವಿ." ಬೇಡ ಅನ್ನಿ. ಹಿಡಿಯದ ಪದರದ ಮೇಲೆ ಇನ್ನೊಂದು ಪದರ ಹಾಕಿದರೆ ಎರಡೂ ಒಟ್ಟಿಗೆ ಏಳುತ್ತವೆ, ಮಧ್ಯೆ ಕಾರಣ ಹುಡುಕುವ ದಾರಿಯೂ ಮುಚ್ಚಿಹೋಗುತ್ತದೆ. ಎದ್ದ ಚಕ್ಕೆಗಳನ್ನು ಒಂದು ಕವರಿನಲ್ಲಿ ಇಟ್ಟುಕೊಂಡು ಹೋಗಿ, ಬೆನ್ನು ತೋರಿಸಿ ಮಾತಾಡಿ.

ಮಣ್ಣು, ಜಿಡ್ಡು, ಬಿಳಿ ಪುಡಿ ಕಾರಣ ಆಗಿದ್ದರೆ ಪೂರ್ತಿ ಕೆರೆಸುವ ಅಗತ್ಯ ಇಲ್ಲ. ಟೊಳ್ಳು ಸದ್ದು ಬಂದ ಕಡೆಗೆ ಚಾಕ್‌ಪೀಸ್ ಗುರುತು ಹಾಕಿ, ಅಷ್ಟನ್ನು ಕೆರೆಸಿ, ಗಟ್ಟಿಯಾಗಿ ಹಿಡಿದ ಅಂಚು ಸಿಗುವವರೆಗೆ ಹೋಗಲಿ. ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಇಳಿಜಾರು ಮಾಡಿ, ತೊಳೆದು, ಆರಿಸಿ, ಹಳೇ ಕೋಟಿನ ಮೇಲೆ ಒಂದೆರಡು ಇಂಚು ಏರುವ ಹಾಗೆ ಹೊಡೆಯಲಿ. ಮೊದಲು ಹಾಕಿದ ಮಾಲೇ ಆಗಿರಬೇಕು. ಮೇಣದ ಮೇಲೆ ಡಾಂಬರಿನ ಮಾಲು ಹಿಡಿಯಲ್ಲ.

ತುಕ್ಕು ಕಾರಣ ಆಗಿದ್ದರೆ ಕೆಲಸ ದೊಡ್ಡದು. ಉದುರುವ ತುಕ್ಕೆಲ್ಲ ವೈರ್ ಬ್ರಷ್‌ನಲ್ಲಿ ಹೋಗಬೇಕು. ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ. ಒಳಗೆ ಹೋದರೆ ಅಲ್ಲಿ ತಗಡೇ ಇಲ್ಲ, ವೆಲ್ಡಿಂಗ್ ಆಗದೆ ಮುಂದಕ್ಕೆ ಹೋಗಬಾರದು. ಗಟ್ಟಿಯಿದ್ದರೆ, ಗುಳಿಗಳಲ್ಲಿ ಕೂತ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಕಪ್ಪು ಪದರ ಮಾಡುವ ದ್ರಾವಣ) ಹಚ್ಚಿ, ಅದು ಕಪ್ಪಾಗುವವರೆಗೆ ಬಿಟ್ಟು, ಎಪಾಕ್ಸಿ ಪ್ರೈಮರ್, ಜಾಯಿಂಟಿಗೆ ಸೀಲರ್, ಆಮೇಲೆ ಕೋಟಿಂಗ್. ಉದುರುವ ತುಕ್ಕಿನ ಮೇಲೆ ಕನ್ವರ್ಟರ್ ಹಚ್ಚಿದರೆ ಅದೂ ತುಕ್ಕಿನ ಜೊತೆ ಉದುರುತ್ತದೆ.

ಮೂರು ಹಂತದಲ್ಲಿ ಫೋಟೋ ಕೇಳಿ: ತೊಳೆದು ಆರಿದ ಮೇಲೆ, ಪ್ರೈಮರ್ ಆದ ಮೇಲೆ, ಕೋಟಿಂಗ್ ಆದ ಮೇಲೆ. ಮೂರನೆಯದನ್ನು ಎಲ್ಲರೂ ಕೇಳದೆಯೇ ಕಳಿಸುತ್ತಾರೆ. ಮೊದಲನೆಯದು ಬರದಿದ್ದರೆ ಎರಡನೆಯದಕ್ಕೆ ಬಿಡಬೇಡಿ, ಖುದ್ದು ಹೋಗಿ ಲಿಫ್ಟ್ ಕೆಳಗೆ ನಿಂತು, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ ಬನ್ನಿ.